20ಕ್ಕ ಕೂಡಿದ ಗ್ರಾಫ್ ಸರಿಯೋ, 25ಕ್ಕೂ ಕೂಡದ ಗ್ರಾಫ್ ಸರಿಯೋ? (ಸ್ನಾಯುವಿಗೆ ಪದೇ ಪದೇ ಪ್ರಚೋದನೆ)

ಕಲಬುರಗಿ_ಲ್ಯಾಬ್‌ಟೇಬಲ್

ನಮ್ಮ ಶರೀರಕ್ರಿಯಾ ವಿಭಾಗದಾಗ ಕಪ್ಪೆಯ ಗ್ಯಾಸ್ಟ್ರಾಕ್ನೀಮಿಯಸ್ (ಮೀನಖಂಡದ) ಸ್ನಾಯುವಿನ ಎರಡು ಹಳೇ ಗ್ರಾಫ್ ಅವ. ಎರಡೂ ತಿರುಗೋ ಡ್ರಮ್ಮಿಗೆ ಸುತ್ತಿದ ಹೊಗೆ ಹಿಡಿಸಿದ ಕಾಗದದ ಮ್ಯಾಲ ಸ್ನಾಯುವಿಗೆ ಕಟ್ಟಿದ ಲಿವರ್ ಬರೆದದ್ದು, 10 ಗ್ರಾಂ ಭಾರ, ಡ್ರಮ್ ವೇಗ ಸೆಕೆಂಡಿಗೆ 25 ಮಿ.ಮೀ. ಒಂದರಾಗ ‘20/ಸೆ’ (ಸೆಕೆಂಡಿಗೆ 20 ಪ್ರಚೋದನೆ) ಅಂತ ಬರೆದ ಕಡೆ ಗೆರಿ ಪೂರ್ತಿ ನುಣುಪು, ಒಂದು ಹಲ್ಲೂ (ಏರಿಳಿತ) ಇಲ್ಲ. ಇನ್ನೊಂದರಾಗ ‘25/ಸೆ’ ಅಂತ ಅದ, ಆದ್ರ ಹಲ್ಲು ಎದ್ದು ಕಾಣ್ತಾವ. ಪ್ರಾಯೋಗಿಕ ಪರೀಕ್ಷೆಗೆ ಒಂದನ್ನ ಮೇಜಿನ ಮ್ಯಾಲ ಇಡಬೇಕಾಗ್ಯದ. ‘25–30ಕ್ಕ ಟೆಟನಸ್’ (ರೋಗ ಅಲ್ಲ, ಬಿಡಿ ಸಂಕೋಚನ ಕೂಡಿ ಒಂದೇ ಗೆರಿ ಆಗೋದು) ಅಂತ ಬಾಯಿಪಾಠ ಮಾಡಿದ ಹುಡುಗ್ರಿಗೆ ಎರಡೂ ಗೊಂದಲನ. ಯಾವುದು ತಪ್ಪು? ಸಿಮ್ಯುಲೇಶನ್‌ದಾಗ ಮತ್ತೊಂದು ಅಂಕಿ ಬರ್ತದ, ಅದನ್ನ ಬಿಡ್ರಿ.

ಬೀದರ್_ಕೋಟೆಬದಿ

ಎರಡೂ ಸರಿ ಇರಬಹುದು ಸರ್. ಸೆಕೆಂಡಿಗೆ ಇಷ್ಟಕ್ಕೆ ಟೆಟನಸ್ ಎಂಬ ಅಂಕಿಯನ್ನು ಸ್ನಾಯುವಿನ ಗುಣ ಎಂದು ಕಲಿಸುವುದೇ ತೊಂದರೆಯ ಮೂಲ. ಗುಣ ಯಾವುದು ಎಂದರೆ ಒಂದು ಟ್ವಿಚ್‌ನ (ಒಂದು ಪ್ರಚೋದನೆಗೆ ಬರುವ ಒಂದು ಸಂಕೋಚನದ) ಅವಧಿ. ಅಂಕಿ ಅದರಿಂದ ಹುಟ್ಟುತ್ತದೆ.

ಪಠ್ಯದ ಕಪ್ಪೆ ಸ್ನಾಯುವನ್ನೇ ತೆಗೆದುಕೊಳ್ಳಿ: ಸುಪ್ತ ಕಾಲ (ಪ್ರಚೋದನೆ ಬಿದ್ದು ಸ್ನಾಯು ಅಲುಗುವ ತನಕದ ಹೊತ್ತು) 10 ಮಿಲಿಸೆಕೆಂಡ್, ಸಂಕೋಚನ 40, ಸಡಿಲಿಕೆ 50. ಎರಡನೇ ಪ್ರಚೋದನೆಗೂ ತನ್ನದೇ ಸುಪ್ತ ಕಾಲ ಇರುವುದರಿಂದ ಎರಡೂ ಕಡೆಯ 10 ವಜಾ ಆಗುತ್ತದೆ. ಹಾಗಾಗಿ ಪ್ರಚೋದನೆಗಳ ನಡುವಿನ ಅಂತರ 90 ಮಿಲಿಸೆಕೆಂಡಿಗಿಂತ ಹೆಚ್ಚಿದ್ದರೆ (ಸೆಕೆಂಡಿಗೆ 11ಕ್ಕಿಂತ ಕಡಿಮೆ) ಟ್ವಿಚ್‌ಗಳು ಬಿಡಿಬಿಡಿ. 90ರಿಂದ 40ರ ನಡುವೆ ಇದ್ದರೆ ಎರಡನೆಯದು ಸಡಿಲಿಕೆಯ ಹೊತ್ತಿಗೆ ಬಂದು ಬೀಳುತ್ತದೆ, ಅಪೂರ್ಣ ಟೆಟನಸ್, ಹಲ್ಲುಗಳು. 40ಕ್ಕಿಂತ ಕಡಿಮೆಯಾದರೆ ಸಡಿಲಾಗಲು ಅವಕಾಶವೇ ಇಲ್ಲ, ಅಂದರೆ 25/ಸೆ ದಾಟಿದ ಮೇಲೆ ಗೆರೆ ಕೂಡುತ್ತದೆ. ಪಠ್ಯದ 25 ಬಂದದ್ದು ಇಲ್ಲಿಂದ. ಇದು ಗಡಿಯ ಲೆಕ್ಕ ಮಾತ್ರ. ಕೊನೆಯ ಸಣ್ಣ ಅಲೆಯೂ ಮಾಯವಾಗಲು ಇನ್ನೂ ಸ್ವಲ್ಪ ಹೆಚ್ಚು ಬೇಕಾಗುವುದುಂಟು. ಬಹಳ ವಿದ್ಯಾರ್ಥಿಗಳು ಸುಪ್ತ ಕಾಲವನ್ನೂ ಕೂಡಿಸಿ 50 ಮಿಲಿಸೆಕೆಂಡ್, 20/ಸೆ ಎಂದು ಬರೆಯುತ್ತಾರೆ, ಅದು ತಪ್ಪು.

ಈಗ ನಿಮ್ಮ ಪ್ರಶ್ನೆ: ಆ ಎರಡು ದಿನ ಆ ಎರಡು ಸ್ನಾಯುಗಳ ಸಂಕೋಚನ ಕಾಲ ಎಷ್ಟಿತ್ತು? ಗ್ರಾಫಿನ ಮೂಲೆಯಲ್ಲಿ ಒಂಟಿ ಟ್ವಿಚ್ ಇದೆಯೇ ನೋಡಿ.

ಹೊಗೆಡ್ರಮ್_ಕಲಬುರಗಿ

ಅದಕ್ಕಿಂತ ಮೊದಲು ಇನ್ನೊಂದು ನೋಡ್ರಿ. ‘20/ಸೆ’ ಅಂತ ಬರೆದದ್ದು ಕಂಪಿಸೋ ಇಂಟರಪ್ಟರ್‌ನ (ಕರೆಂಟ್ ಕೂಡಿಸಿ ಬಿಡಿಸೋ ಸಾಧನದ) ಸೆಟ್ಟಿಂಗ್. ಸ್ನಾಯುವಿಗೆ ಎಷ್ಟು ಹೊಡೆತ ಬಿತ್ತು ಅನ್ನೋದು ಬ್ಯಾರೆ ಮಾತು. ಅದರ ರೀಡ್ (ಕಂಪಿಸೋ ಪಟ್ಟಿ) ಒಂದು ಸಲ ಅಲುಗಾಡಿದ್ರ ಪ್ರೈಮರಿ ಸರ್ಕ್ಯೂಟ್ ಒಂದು ಸಲ ಕೂಡ್ತದ, ಒಂದು ಸಲ ಬಿಡ್ತದ. ಇಂಡಕ್ಷನ್ ಕಾಯಿಲ್ ಎರಡಕ್ಕೂ ಶಾಕ್ ಕೊಡ್ತದ, ಕೂಡಿದಾಗ ಮೇಕ್ ಒಂದು, ಬಿಟ್ಟಾಗ ಬ್ರೇಕ್ ಒಂದು. ಬ್ರೇಕ್ ಜೋರು, ಯಾಕಂದ್ರ ಕರೆಂಟ್ ಏಕಾಏಕಿ ಬೀಳ್ತದ; ಮೇಕ್‌ದಾಗ ನಿಧಾನ ಏರ್ತದ. ಸ್ನಾಯುವಿಗೆ ಶಾಕ್ ಕೊಡೋ ಸೆಕೆಂಡರಿ ಕಾಯಿಲ್ ಪ್ರೈಮರಿಯಿಂದ ದೂರ ಇಟ್ರ ಮೇಕ್ ಶಾಕ್ ಸ್ನಾಯುವಿಗೆ ಸಾಲಂಗಿಲ್ಲ, ಬ್ರೇಕ್ ಒಂದ ಕೆಲಸ ಮಾಡ್ತದ. ಕಾಯಿಲ್ ಹತ್ತಿರ ತಂದ್ರ ಎರಡೂ ದಾಟ್ತಾವ, 20 ಅಂತ ಇಟ್ಟದ್ದು 40 ಆಗ್ತದ.

ಹಿಡಿಯೋದು ಸುಲಭ. ಅದೇ ಡ್ರಮ್ಮಿನ ಮ್ಯಾಲ 5/ಸೆ ಭಾಗಕ್ಕ ಹೋಗ್ರಿ, ಸ್ಕೇಲ್ ಇಟ್ಟು 25 ಮಿ.ಮೀ ಒಳಗ ಎಷ್ಟು ಹಲ್ಲು ಎಣಿಸ್ರಿ. 5 ಬಂದ್ರ ಬ್ರೇಕ್ ಒಂದ. 10 ಬಂದ್ರ ಮೇಕೂ ಸೇರ್ಯದ. ಒಂದು ದೊಡ್ಡ ಹಲ್ಲು, ಒಂದು ಸಣ್ಣ ಹಲ್ಲು, ಮತ್ತ ದೊಡ್ಡದು ಹಿಂಗ ಕಂಡ್ರಂತೂ ಸಂಶಯ ಇಲ್ಲ.

ಕಲಬುರಗಿ_ಲ್ಯಾಬ್‌ಟೇಬಲ್

ಎಣಿಸಿದೆ. ನುಣುಪು ಗ್ರಾಫಿನ 5/ಸೆ ಭಾಗದಾಗ 25 ಮಿ.ಮೀಗೆ 10 ಹಲ್ಲು, ಎತ್ತರ ಒಂದು ಬಿಟ್ಟು ಒಂದು ಕಮ್ಮಿ. ಅಂದ್ರ ಅದು ಖರೇ 40/ಸೆ.

ಎರಡನೇ ಗ್ರಾಫಿನ ಮೂಲ್ಯಾಗ ಸೆಕೆಂಡಿಗೆ 640 ಮಿ.ಮೀ ವೇಗದ ಒಂಟಿ ಟ್ವಿಚ್ ಅದ, ಕೆಳಗ ಕಾಲ ಅಳೆಯೋ 100 ಹರ್ಟ್ಸ್ (ಸೆಕೆಂಡಿಗೆ 100 ಅಲಿ) ಟ್ಯೂನಿಂಗ್ ಫೋರ್ಕ್ ಗೆರಿ. ಏರಿಕೆ ಶುರುವಿನಿಂದ ತುದಿ ತನಕ ಎರಡೂವರೆ ಅಲಿ.

ಬೀದರ್_ಕೋಟೆಬದಿ

ಎರಡೂವರೆ ಅಲೆ ಎಂದರೆ 25 ಮಿಲಿಸೆಕೆಂಡ್. ಆ ಸ್ನಾಯುವಿಗೆ ಗೆರೆ ಕೂಡಲು ಕನಿಷ್ಠ 40/ಸೆ ಬೇಕು. 25ಕ್ಕೆ ಹಲ್ಲು ಬಂದದ್ದು ಸಹಜ. ಲಿವರ್ ಕಮಾನಿನಂತೆ ಬಾಗಿ ಬರೆಯುತ್ತದೆ, ಹಾಗಾಗಿ ತುದಿಯಿಂದ ನೇರ ಲಂಬ ಇಳಿಸಿ ಅಳೆದರೆ ಕಾಲ ತಪ್ಪುತ್ತದೆ. ಲಿವರಿನ ಉದ್ದವನ್ನೇ ತ್ರಿಜ್ಯ ಮಾಡಿ ಕಮಾನು ಇಳಿಸಿ ಅಳೆದಿದ್ದೀರಿ ಎಂದುಕೊಂಡಿದ್ದೇನೆ.

ಇಷ್ಟು ವೇಗ ಯಾಕೆ ಎಂದರೆ, ನನ್ನ ಊಹೆ: ಬೇಸಿಗೆ. ತಾಪಮಾನ 10 ಡಿಗ್ರಿ ಏರಿದರೆ ಕಪ್ಪೆ ಸ್ನಾಯುವಿನ ಸಂಕೋಚನ, ಸಡಿಲಿಕೆ ಎರಡೂ ಸುಮಾರು ಇಮ್ಮಡಿ ಚುರುಕಾಗುತ್ತವೆ. ಪಠ್ಯದ 40 ಮಿಲಿಸೆಕೆಂಡ್ ತಂಪು ದೇಶದ ಕೋಣೆಯ ಅಂಕಿ. ಕಲಬುರಗಿಯಲ್ಲಿ ಏಪ್ರಿಲ್-ಮೇ ಮಧ್ಯಾಹ್ನ ಫ್ಯಾನ್ ಕೆಳಗೆ ಮಾಡಿದ ಪ್ರಯೋಗಕ್ಕೆ ಅದು ಹೊಂದುವುದಿಲ್ಲ. ಡಿಸೆಂಬರ್‌ನಲ್ಲಿ ಮಾಡಿದರೆ ಪುಸ್ತಕಕ್ಕೆ ಹತ್ತಿರ ಬರುತ್ತದೆ. 40 ಡಿಗ್ರಿ ದಾಟಿದರೆ ಇನ್ನೊಂದು ಕಥೆ: ಪ್ರೋಟೀನ್ ಗಟ್ಟಿಯಾಗಿ ಉಷ್ಣ ಸೆಟೆತ ಬರುತ್ತದೆ, ಸ್ನಾಯು ಕುಗ್ಗಿ ನಿಂತು ಮತ್ತೆ ತಣ್ಣಗಿನ ರಿಂಗರ್ (ಸ್ನಾಯು ಕೆಡದಂತೆ ಹಾಕುವ ಲವಣ ದ್ರಾವಣ) ಹಾಕಿದರೂ ತಿರುಗಿ ಬರುವುದಿಲ್ಲ.

ಹೊಗೆಡ್ರಮ್_ಕಲಬುರಗಿ

ಖರೇ ಅದ. ರಿಂಗರ್ ಬಾಟ್ಲಿ ಕಿಟಕಿ ಕಡೆ ಇಟ್ರ ಮಧ್ಯಾಹ್ನ ಅದೇ ಕಾಯ್ದಿರ್ತದ. ರಿಂಗರ್ ಮಾತು ಬಂತಂತ ಹೇಳ್ತೀನಿ, ಕಪ್ಪೆಗೆ ಲೀಟರ್‌ಗೆ ಸೋಡಿಯಂ ಕ್ಲೋರೈಡ್ 6.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.14, ಕ್ಯಾಲ್ಸಿಯಂ ಕ್ಲೋರೈಡ್ 0.12, ಬೈಕಾರ್ಬೊನೇಟ್ 0.2. ವಾರ್ಡಿನ 0.9 ಸಲೈನ್ ಹಾಕಿದ್ರ ಕಪ್ಪೆ ಸ್ನಾಯು ನೀರು ಬಿಟ್ಟು ಸೊರಗ್ತದ, ಮ್ಯಾಲ ಅದರಾಗ ಕ್ಯಾಲ್ಸಿಯಮ್ಮೂ ಇರಂಗಿಲ್ಲ. ಪೊಟ್ಯಾಸಿಯಂ ತೂಕ ತಪ್ಪಿ ಜಾಸ್ತಿ ಬಿದ್ರ ಬೇಸ್‌ಲೈನ್ ಮ್ಯಾಲಕ್ಕ ಎದ್ದು ನಿಲ್ತದ, ಅದನ್ನ ಟೆಟನಸ್ ಅಂತ ತಿಳ್ಕೊಂಡವರೂ ಅದಾರ.

ಮೂರನೇ ಕಾರಣನೂ ಅದ. ದಣಿದ ಸ್ನಾಯು ನಿಧಾನ ಸಡಿಲ ಆಗ್ತದ, ಹಂಗಾಗಿ ಕಮ್ಮಿ ಸಂಖ್ಯೆಗೂ ಗೆರಿ ಕೂಡ್ತದ. ಮೊದಲು 40 ಮಾಡಿ ಆಮ್ಯಾಲ 20ಕ್ಕ ಬಂದ್ರ 20 ನುಣುಪು ಕಾಣ್ತದ. ಕಮ್ಮಿಯಿಂದ ಜಾಸ್ತಿಗೆ ಹೋಗಬೇಕು, ಪ್ರತಿ ದಾಖಲೆ ಒಂದೆರಡು ಸೆಕೆಂಡಿಗೆ ಮುಗಿಸಬೇಕು, ನಡುವ ರಿಂಗರ್ ಹನಿಸಿ ಬಿಡಬೇಕು.

ಸೇಡಂ_ಬಿಪಿಟಿ

ಸರ್, ಒಂದು ಸಂಶಯ. ಪ್ರಚೋದನೆ ಮೊದಲೇ ಗರಿಷ್ಠ ಇದೆ, ಎಲ್ಲಾ ನಾರುಗಳೂ ಸಂಕುಚಿಸಿವೆ. ನಾರು ಸಂಕುಚಿಸಿದರೆ ಪೂರ್ತಿ, ಇಲ್ಲವಾದರೆ ಇಲ್ಲ ಅಂತ ಓದಿದ್ದೇವೆ. ಮತ್ತೆ ಟೆಟನಸ್‌ನಲ್ಲಿ ಬಲ ಟ್ವಿಚ್‌ಗಿಂತ ನಾಲ್ಕು ಪಟ್ಟು ಹೆಚ್ಚು ಎಲ್ಲಿಂದ ಬರುತ್ತದೆ?

ಬೀದರ್_ಕೋಟೆಬದಿ

‘ಪೂರ್ತಿ ಇಲ್ಲವೇ ಇಲ್ಲ’ ಎಂಬುದು ಆಕ್ಷನ್ ಪೊಟೆನ್ಶಿಯಲ್‌ಗೆ (ನಾರಿನ ಮೇಲೆ ಹರಿಯುವ ವಿದ್ಯುತ್ ಅಲೆಗೆ) ಅನ್ವಯ, ಬಲಕ್ಕೆ ಅಲ್ಲ. ಪುಸ್ತಕಗಳು ಇದನ್ನು ಸಡಿಲವಾಗಿ ಬರೆಯುತ್ತವೆ.

ಒಂದು ಆಕ್ಷನ್ ಪೊಟೆನ್ಶಿಯಲ್‌ಗೆ ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ (ನಾರಿನೊಳಗಿನ ಕ್ಯಾಲ್ಸಿಯಂ ಚೀಲದಿಂದ) ಕ್ಯಾಲ್ಸಿಯಂ ಹೊರಬೀಳುತ್ತದೆ, ಟ್ರೊಪೊನಿನ್ ಎಂಬ ಪ್ರೋಟೀನ್‌ಗೆ ಅಂಟುತ್ತದೆ, ಅಡ್ಡಸೇತುವೆಗಳು (ಮಯೋಸಿನ್ ಪ್ರೋಟೀನಿನ ಎಳೆಯುವ ತಲೆಗಳು) ಎಳೆಯಲು ಶುರು ಮಾಡುತ್ತವೆ. ಆದರೆ ಪಂಪುಗಳು ತಕ್ಷಣವೇ ಕ್ಯಾಲ್ಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತವೆ. ಅಷ್ಟರಲ್ಲಿ ಎಳೆತದ ಬಹುಪಾಲು ಸ್ನಾಯುರಜ್ಜು ಮತ್ತು ಸರಣಿಯಲ್ಲಿರುವ ಇತರ ಸ್ಥಿತಿಸ್ಥಾಪಕ ಭಾಗಗಳ ಸಡಿಲು ತೆಗೆಯುವುದಕ್ಕೇ ಖರ್ಚಾಗಿರುತ್ತದೆ. ಬಾವಿಯ ಹಗ್ಗ ಸಡಿಲ ಬಿದ್ದಿದ್ದರೆ ಮೊದಲ ಜಗ್ಗಿಗೆ ಕೊಡ ಏಳುವುದಿಲ್ಲವಲ್ಲ, ಹಾಗೆ. ಹೊರಗಿನ ಭಾರಕ್ಕೆ ಪೂರ್ಣ ಬಲ ತಲುಪುವ ಮೊದಲೇ ಟ್ವಿಚ್ ಮುಗಿದುಹೋಗುತ್ತದೆ. ಮೇಲಿಂದ ಮೇಲೆ ಪ್ರಚೋದಿಸಿದರೆ ಕ್ಯಾಲ್ಸಿಯಂ ಇಳಿಯುವುದಿಲ್ಲ, ರಜ್ಜು ಬಿಗಿಯಾಗಿಯೇ ಇರುತ್ತದೆ, ಸೇತುವೆಗಳ ನಿಜವಾದ ಬಲ ಹೊರಗೆ ಕಾಣುತ್ತದೆ.

ಇದೆಲ್ಲ ಸಾಧ್ಯವಾಗುವುದು ವಿದ್ಯುತ್ ಘಟನೆ 2–4 ಮಿಲಿಸೆಕೆಂಡಿಗೆ ಮುಗಿದು, ಯಾಂತ್ರಿಕ ಘಟನೆ ಹತ್ತಾರು ಮಿಲಿಸೆಕೆಂಡ್ ಉಳಿಯುವುದರಿಂದ. ಹೃದಯದ ಸ್ನಾಯುವಿನಲ್ಲಿ ಆಕ್ಷನ್ ಪೊಟೆನ್ಶಿಯಲ್ 200–300 ಮಿಲಿಸೆಕೆಂಡ್. ಅದು ಮುಗಿಯುವ ಹೊತ್ತಿಗೆ ಸಂಕೋಚನವೂ ಬಹುತೇಕ ಮುಗಿದಿರುತ್ತದೆ. ಅಲ್ಲಿ ಟೆಟನಸ್ ಆಗುವುದಿಲ್ಲ.

ಸೇಡಂ_ಬಿಪಿಟಿ

ಹಾಗಾದರೆ ಟ್ರೆಪ್ಪೆ? ಅದರಲ್ಲಿ ಟ್ವಿಚ್‌ಗಳು ಬಿಡಿಬಿಡಿಯಾಗಿಯೇ ಇರುತ್ತವೆ, ಆದರೂ ಎತ್ತರ ಏರುತ್ತದೆ.

ಬೀದರ್_ಕೋಟೆಬದಿ

ಅದು ಕೂಡಿಕೆ (ಒಂದು ಟ್ವಿಚ್ ಇಳಿಯುವ ಮೊದಲೇ ಅದರ ಮೇಲೆ ಇನ್ನೊಂದು ಸೇರುವುದು) ಅಲ್ಲ, ಅದಕ್ಕೇ ಬೇರೆ ಹೆಸರು. ಪ್ರತಿ ಟ್ವಿಚ್ ಪೂರ್ತಿ ಇಳಿದ ಮೇಲೆಯೇ ಮುಂದಿನದು ಬರುತ್ತದೆ. ವಿಶ್ರಾಂತಿಯಲ್ಲಿದ್ದ ಸ್ನಾಯುವಿನಲ್ಲಿ ಮೊದಲ ಕೆಲವು ಟ್ವಿಚ್‌ಗಳು ಮೆಟ್ಟಿಲಿನಂತೆ ಏರಿ ಆಮೇಲೆ ಸಮತಟ್ಟಾಗುತ್ತವೆ. ವೇಗದ ನಾರುಗಳಲ್ಲಿ ಮುಖ್ಯ ಕಾರಣ ಮಯೋಸಿನ್‌ನ ಹಗುರ ಸರಪಳಿಗೆ ಫಾಸ್ಫೇಟ್ ಸೇರುವುದು; ಆಮೇಲೆ ಅಷ್ಟೇ ಕ್ಯಾಲ್ಸಿಯಂಗೆ ಹೆಚ್ಚು ಬಲ ಸಿಗುತ್ತದೆ. ಶರೀರಕ್ರಿಯಾ ವಿಜ್ಞಾನಿ ಬೌಡಿಚ್ ಇದನ್ನು 1871ರಲ್ಲಿ ಕಪ್ಪೆಯ ಹೃದಯದಲ್ಲಿ ಮೊದಲು ತೋರಿಸಿದ. ಪರೀಕ್ಷೆಯಲ್ಲಿ ಗುರುತಿಸುವುದು ಹೀಗೆ: ಬೇಸ್‌ಲೈನ್ ಮುಟ್ಟಿ ಏರಿದರೆ ಟ್ರೆಪ್ಪೆ, ಮುಟ್ಟದೆ ಏರಿದರೆ ಕೂಡಿಕೆ.

ನರವೇಗ_ಎನ್‌ಸಿಎಸ್

ಇದೇ ಜಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳೂ ಎಡವುವುದು ನೋಡಿದ್ದೇವೆ: ಬಲ ಕೂಡುತ್ತದೆ ಎಂದರೆ ಚರ್ಮದ ಮೇಲಿನ ಎಲೆಕ್ಟ್ರೋಡ್ ದಾಖಲಿಸುವ ವಿದ್ಯುತ್ ಅಲೆಯೂ ಕೂಡಬೇಕು ಎಂದುಕೊಳ್ಳುತ್ತಾರೆ. ಕೂಡುವುದಿಲ್ಲ. ಆರೋಗ್ಯವಂತರಲ್ಲಿ 3 ಹರ್ಟ್ಸ್ ಕೊಟ್ಟರೂ 30 ಕೊಟ್ಟರೂ ಅಲೆಯ ಕ್ಷೇತ್ರಫಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆಚ್ಚಿನ ಆವರ್ತನದಲ್ಲಿ ನಾರುಗಳು ಇನ್ನೂ ಒಗ್ಗೂಡಿ ಹಾರುವುದರಿಂದ ಎತ್ತರ ಸ್ವಲ್ಪ ಏರಿ ಅಗಲ ಕುಗ್ಗುತ್ತದೆ. ಅದನ್ನು ರೋಗಲಕ್ಷಣ ಎಂದು ವರದಿ ಬರೆಯಬಾರದು.

ನರ-ಸ್ನಾಯು ಸಂಧಿಯ (ನರದ ತುದಿ ಸ್ನಾಯುವನ್ನು ಸೇರುವ ಜಾಗದ) ರೋಗದಲ್ಲಿ ಆವರ್ತನಕ್ಕೆ ಬೇರೆಯೇ ಅರ್ಥ. ಅಂಥ ಒಂದು ರೋಗವಾದ ಮಯಸ್ತೇನಿಯಾಕ್ಕೆ 2–3 ಹರ್ಟ್ಸ್, ಹತ್ತು ಹೊಡೆತ, ಮೊದಲನೆಯದಕ್ಕೂ ನಾಲ್ಕು-ಐದನೆಯದಕ್ಕೂ ಹೋಲಿಕೆ, ಶೇ. 10ಕ್ಕಿಂತ ಹೆಚ್ಚು ಇಳಿದರೆ ಅಸಹಜ. ಇಷ್ಟು ನಿಧಾನ ಯಾಕೆ? ಈ ವೇಗದಲ್ಲಿ ತಕ್ಷಣಕ್ಕೆ ಸಿಗುವ ಅಸಿಟೈಲ್‌ಕೋಲಿನ್ (ನರ ಸ್ನಾಯುವಿಗೆ ಸಂದೇಶ ಕಳಿಸುವ ರಾಸಾಯನಿಕ) ಕೋಶಿಕೆಗಳು ಖಾಲಿಯಾಗುತ್ತ ಹೋಗುತ್ತವೆ, ಆದರೆ ನರತುದಿಯಲ್ಲಿ ಕ್ಯಾಲ್ಸಿಯಂ ಶೇಖರವಾಗುವಷ್ಟು ವೇಗ ಇಲ್ಲ. 10 ಹರ್ಟ್ಸ್ ದಾಟಿದರೆ ಕ್ಯಾಲ್ಸಿಯಂ ಉಳಿದುಕೊಂಡು ಬಿಡುಗಡೆ ಹೆಚ್ಚಿಸಿ ಇಳಿಕೆಯನ್ನು ಮುಚ್ಚಿಹಾಕುತ್ತದೆ. ಸಂಧಿಯ ಇನ್ನೊಂದು ರೋಗವಾದ ಲ್ಯಾಂಬರ್ಟ್-ಈಟನ್‌ನಲ್ಲಿ ಬೇಕಾದದ್ದು ಅದೇ, ಹಾಗಾಗಿ 20–50 ಹರ್ಟ್ಸ್. ಅಷ್ಟು ನೋವು ಕೊಡುವ ಬದಲು 10 ಸೆಕೆಂಡ್ ಜೋರಾಗಿ ಸ್ನಾಯು ಬಿಗಿಹಿಡಿಸಿ ಮತ್ತೆ ಒಂದು ಹೊಡೆತ ಕೊಟ್ಟರೂ ಸಾಕು.

ನಮ್ಮ ಕಡೆ ಬೇಸಿಗೆಯಲ್ಲಿ ಆಗುವ ಎಡವಟ್ಟು: ಹೊರಗೆ 42 ಡಿಗ್ರಿ ಎಂದು ಕೋಣೆಯ ಎಸಿಯನ್ನು 18ಕ್ಕೆ ಇಟ್ಟಿರುತ್ತಾರೆ. ರೋಗಿ ಅರ್ಧ ಗಂಟೆ ಕೂತರೆ ಕೈ ತಣ್ಣಗಾಗುತ್ತದೆ. ತಣ್ಣಗಿನ ಸ್ನಾಯುವಿನಲ್ಲಿ ಇಳಿಕೆ ಅಡಗಿಹೋಗುತ್ತದೆ, ವರದಿ ಸಹಜ ಎಂದು ಬರುತ್ತದೆ. ಚರ್ಮದ ತಾಪ 32 ಡಿಗ್ರಿಗಿಂತ ಮೇಲಿರಲಿ. ಮಯಸ್ತೇನಿಯಾದ ಪಿರಿಡೋಸ್ಟಿಗ್ಮಿನ್ ಮಾತ್ರೆಯನ್ನು, ಚಿಕಿತ್ಸೆ ಕೊಡುವ ವೈದ್ಯರು ಸರಿ ಎಂದರೆ, 12 ಗಂಟೆ ಮೊದಲು ನಿಲ್ಲಿಸಿರಬೇಕು.

ಯಾದಗಿರಿ_ಓಟಿ

ಸ್ನಾಯು ಸಡಿಲಿಸುವ ಔಷಧ ಇನ್ನೂ ಎಷ್ಟು ಉಳಿದಿದೆ ಎಂದು ನೋಡುವ ಅರಿವಳಿಕೆಯವರಿಗೂ ಇದೇ ತತ್ವ. ಮಣಿಕಟ್ಟಿನ ಹತ್ತಿರ ಅಲ್ನಾರ್ ನರಕ್ಕೆ 2 ಹರ್ಟ್ಸ್‌ನಲ್ಲಿ ನಾಲ್ಕು ಹೊಡೆತ, 0.2 ಮಿಲಿಸೆಕೆಂಡ್ ಪಲ್ಸ್, ಹೆಬ್ಬೆರಳು ನೋಡುವುದು. ನಾಲ್ಕನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅನುಪಾತ. ಉಸಿರಾಟದ ಟ್ಯೂಬ್ ತೆಗೆಯಲು 0.9 ಇರಬೇಕು. ಕಣ್ಣಲ್ಲಿ ನೋಡಿ ‘ನಾಲ್ಕೂ ಸಮ ಇವೆ’ ಎಂದು ಟ್ಯೂಬ್ ತೆಗೆಯುವುದು ಅಪಾಯ, ಯಾಕೆಂದರೆ ಅನುಪಾತ 0.4 ದಾಟಿದ ಮೇಲೆ ವ್ಯತ್ಯಾಸ ಕಣ್ಣಿಗೆ, ಕೈಗೆ ತಿಳಿಯುವುದಿಲ್ಲ. ಸರಣಿಗಳ ನಡುವೆ ಕನಿಷ್ಠ 10 ಸೆಕೆಂಡ್ ಬಿಡಿ. ಕಪ್ಪು (ಋಣ) ಎಲೆಕ್ಟ್ರೋಡ್ ಅಂಗೈ ಕಡೆಗೆ.

ಟೆಟಾನಿಕ್ ಪರೀಕ್ಷೆ 50 ಹರ್ಟ್ಸ್, 5 ಸೆಕೆಂಡ್. 100 ಹರ್ಟ್ಸ್ ಕೊಟ್ಟರೆ ಔಷಧ ಇಲ್ಲದ ಸ್ನಾಯುವೂ ಜಾರಬಹುದು (ಬಲ ಹಿಡಿದು ನಿಲ್ಲದೆ ಇಳಿಯಬಹುದು), ಅದನ್ನು ಉಳಿದ ಔಷಧದ ಪ್ರಭಾವ ಎಂದು ಓದಬೇಡಿ. ವೆಕ್ಯುರೋನಿಯಂನಂಥ ಸಡಿಲಿಕೆ ಔಷಧಗಳಿಗೆ ಬಲ ಹಿಡಿದು ನಿಲ್ಲುವುದಿಲ್ಲ, ಜಾರುತ್ತದೆ. ಇನ್ನೊಂದು ಬಗೆಯ ಸಡಿಲಿಕೆ ಔಷಧ ಸಕ್ಸಮೆಥೋನಿಯಂನ ಮೊದಲ ಹಂತದಲ್ಲಿ ಎಲ್ಲವೂ ಸಮನಾಗಿ ಸಣ್ಣದಾಗುತ್ತದೆ, ಜಾರುವುದಿಲ್ಲ.

ಯಾದಗಿರಿ, ಶಹಾಪುರ, ಸುರಪುರ ಕಡೆ ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದು ಬಂದವರಲ್ಲಿಯೂ ಇದು ನೆನಪಿರಲಿ. ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ವಿಷದಲ್ಲಿ ಮೊದಲ ದಿನದ ಸ್ರಾವ ಅಟ್ರೋಪಿನ್‌ಗೆ ತಗ್ಗಿದ ಮೇಲೆ, 24–96 ಗಂಟೆಯ ನಡುವೆ ಕುತ್ತಿಗೆ ಎತ್ತಲಾಗದೆ ಉಸಿರು ಸೋಲುವ ಹಂತ ಬರಬಹುದು. ಅಲ್ಲಿ 10–30 ಹರ್ಟ್ಸ್‌ನಲ್ಲಿ ಅಲೆ ಮೊದಲು ಇಳಿದು ಮತ್ತೆ ಏರುತ್ತದೆ. ಅಟ್ರೋಪಿನ್ ಈ ಸಂಧಿಯನ್ನು ಮುಟ್ಟುವುದಿಲ್ಲ, ಬೇಕಾಗುವುದು ವೆಂಟಿಲೇಟರ್.

ಶಹಾಬಾದ್_ಪಿಟಿ

ಫಿಸಿಯೋ ಕಡೆಯಿಂದ ಎರಡು ಮಾತು. ಮೊಣಕಾಲು ಆಪರೇಷನ್ ಆದವರ ತೊಡೆ ಸ್ನಾಯುವಿಗೆ ಬಲ ಬರಾಕ ಕರೆಂಟ್ ಮಷಿನ್‌ದಾಗ 50 ಹರ್ಟ್ಸ್, 300 ಮೈಕ್ರೊಸೆಕೆಂಡ್, 2 ಸೆಕೆಂಡ್ ಏರಿಕೆ, 10 ಸೆಕೆಂಡ್ ಚಾಲೂ, 50 ಸೆಕೆಂಡ್ ಬಂದ್, ಹತ್ತು ಸಲ. ಟೈಮ್ ಉಳಿಸಾಕ 10 ಚಾಲೂ 10 ಬಂದ್ ಮಾಡಿದ್ರ ಐದಾರನೇ ಸಲಕ್ಕ ಕಾಲು ಏಳಂಗಿಲ್ಲ, ಆಗ ಮಷಿನ್ ಕರೆಂಟ್ ಏರಿಸ್ತಾರ, ಚರ್ಮ ಕೆಂಪಾಗ್ತದ ಹೊರತು ಬಲ ಬರಂಗಿಲ್ಲ. ಬಿಸಿಲುಗಾಲದಾಗ ಬೆವರಿಗೆ ಪ್ಯಾಡ್ ಅಂಚು ಎದ್ರ ಕರೆಂಟ್ ಒಂದ ಕಡೆ ಕೂಡಿ ಚುರುಗುಟ್ತದ; ಒರೆಸಿ ಹೊಸ ಪ್ಯಾಡ್ ಹಚ್ಚಬೇಕು.

ನರ ಕಡಿದ ಸ್ನಾಯುವಿಗೆ 300 ಮೈಕ್ರೊಸೆಕೆಂಡ್ ಪಲ್ಸ್ ಎಷ್ಟು ಕೊಟ್ರೂ ಅಲುಗಾಡಂಗಿಲ್ಲ. 100 ಮಿಲಿಸೆಕೆಂಡ್ ಇಲ್ಲಾ ಅದಕ್ಕಿಂತ ಉದ್ದದ ಪಲ್ಸ್ ಬೇಕು, ಅದೂ ನಿಧಾನ ಏರೋ ತ್ರಿಕೋಣದ್ದು. ಲ್ಯಾಕ್ಟಿಕ್ ಆಸಿಡ್ ತುಂಬಿ ದಣಿತದ ಅನ್ನೋದು ಮಷಿನ್ ದಣಿವಿಗೂ ಅನ್ವಯ ಆಗ್ತದಲ್ರಿ?

ಬೀದರ್_ಕೋಟೆಬದಿ

ಲ್ಯಾಕ್ಟಿಕ್ ಆಸಿಡ್ ವಿಚಾರ ಅಷ್ಟು ನೇರ ಇಲ್ಲ ಸರ್. 1922ರ ನೊಬೆಲ್ ಹಂಚಿಕೊಂಡ ಹಿಲ್ ಮತ್ತು ಮೆಯರ್‌ಹಾಫ್ ಕಾಲದಿಂದ ಅದು ಪಠ್ಯದಲ್ಲಿ ಕೂತಿದೆ. ತಣ್ಣಗಿನ ಸ್ನಾಯುವಿನಲ್ಲಿ ಆಮ್ಲೀಯತೆ ಬಲ ತಗ್ಗಿಸುವುದು ನಿಜ, ದೇಹದ ತಾಪದ ಹತ್ತಿರ ಆ ಪರಿಣಾಮ ಚಿಕ್ಕದು. ಹೆಚ್ಚು ಕಾಡುವುದು ಕ್ರಿಯೇಟಿನ್ ಫಾಸ್ಫೇಟ್ ಒಡೆದು ಬರುವ ಅಜೈವಿಕ ಫಾಸ್ಫೇಟ್. ಅಡ್ಡಸೇತುವೆಯ ಬಲವನ್ನೂ ತಗ್ಗಿಸುತ್ತದೆ, ಕ್ಯಾಲ್ಸಿಯಂ ಬಿಡುಗಡೆಯನ್ನೂ ತಡೆಯುತ್ತದೆ.

ದಣಿವಿನಲ್ಲೂ ಎರಡು ಜಾತಿ. 80–100 ಹರ್ಟ್ಸ್ ಕೊಟ್ಟಾಗ ಟಿ-ನಾಳಗಳಲ್ಲಿ (ನಾರಿನ ಮೇಲ್ಮೈಯಿಂದ ಒಳಗೆ ಇಳಿಯುವ ಸಣ್ಣ ಕೊಳವೆಗಳಲ್ಲಿ) ಪೊಟ್ಯಾಸಿಯಂ ಸೇರಿ ಆಕ್ಷನ್ ಪೊಟೆನ್ಶಿಯಲ್ ಒಳಗೆ ಇಳಿಯದೆ ಬಲ ಬೇಗ ಬೀಳುತ್ತದೆ. 20ಕ್ಕೆ ಇಳಿಸಿದರೆ ಕೆಲವೇ ಸೆಕೆಂಡಿಗೆ ಚೇತರಿಕೆ. ಇನ್ನೊಂದು, ಭಾರಿ ಕೆಲಸದ ನಂತರ 10–20 ಹರ್ಟ್ಸ್‌ನ ಬಲ ಗಂಟೆಗಟ್ಟಲೆ ಕಡಿಮೆ ಇರುತ್ತದೆ, 50ರ ಬಲ ಮಾತ್ರ ಬೇಗ ಮರಳುತ್ತದೆ. ಮರುದಿನ ಮೆಟ್ಟಿಲು ಹತ್ತುವಾಗ ಕಾಲು ಭಾರ ಎನಿಸುವುದಕ್ಕೆ ಇದೂ ಒಂದು ಕಾರಣ, ಯಾಕೆಂದರೆ ದಿನನಿತ್ಯದ ಚಲನೆಗೆ ನರ ಕಳಿಸುವುದು ಆ ಕಡಿಮೆ ಆವರ್ತನವನ್ನೇ.

ಮಷಿನ್ ದಣಿವು ಬೇಗ ಬರಲು ಸರಳ ಕಾರಣ: ಒಂದೇ ನಾರುಗಳು, ಎಲ್ಲವೂ ಒಟ್ಟಿಗೆ, ಪ್ರತಿ ಸಲ. ನಾವೇ ಸ್ನಾಯು ಬಿಗಿಹಿಡಿದಾಗ ಮೋಟರ್ ಘಟಕಗಳು (ಒಂದು ನರತಂತು ಮತ್ತು ಅದು ನಡೆಸುವ ನಾರುಗಳು) ಸೆಕೆಂಡಿಗೆ ಸುಮಾರು 8–30ರಂತೆ, ಒಂದರ ಹಿಂದೆ ಒಂದು ಸರದಿ ಹಾಕಿ ಹಾರುತ್ತವೆ. ಒಂದೊಂದು ಘಟಕ ಅಪೂರ್ಣ ಟೆಟನಸ್‌ನಲ್ಲಿದ್ದರೂ ಒಟ್ಟು ಬಲ ನುಣುಪಾಗಿರುವುದು ಈ ಸರದಿಯಿಂದ.

ಸೇಡಂ_ಬಿಪಿಟಿ

ಕಪ್ಪೆ ಪ್ರಯೋಗದಲ್ಲಿ ದಣಿವು ನರದಲ್ಲೋ, ಸಂಧಿಯಲ್ಲೋ, ಸ್ನಾಯುವಿನಲ್ಲೋ ಎಂದು ಹೇಗೆ ತೋರಿಸುತ್ತಿದ್ದರು?

ಹೊಗೆಡ್ರಮ್_ಕಲಬುರಗಿ

ನರದ ಮ್ಯಾಲ ಎಲೆಕ್ಟ್ರೋಡ್ ಇಟ್ಟು ಸೆಕೆಂಡಿಗೆ ಒಂದು ಹೊಡೆತ. ಡ್ರಮ್ಮಿನ ಅದೇ ಜಾಗಕ್ಕ 1ನೇದು, 10ನೇದು, 20ನೇದು ಹಿಂಗ ಒಂದರ ಮ್ಯಾಲೊಂದು ಬರೆಸೋದು. ಎತ್ತರ ಕಮ್ಮಿ ಆಗ್ತದ, ಸುಪ್ತ ಕಾಲ ಉದ್ದ ಆಗ್ತದ, ಇಳಿಯೋ ಗೆರಿ ಬೇಸ್‌ಲೈನಿಗೆ ಬರದ ಉಳಿತದ. ಪೂರ್ತಿ ನಿಂತ ಮ್ಯಾಲ ಎಲೆಕ್ಟ್ರೋಡ್ ತೆಗೆದು ಸೀದಾ ಸ್ನಾಯುವಿಗೆ ಹಚ್ಚಿದ್ರ ಮತ್ತ ಜಿಗಿತದ. ಅಂದ್ರ ಸ್ನಾಯುವಿನ್ಯಾಗ ಇನ್ನೂ ಶಕ್ತಿ ಅದ, ಮೊದಲು ಸೋತದ್ದು ಸಂಧಿ. ನರ ಗಂಟೆಗಟ್ಟಲೆ ಪ್ರಚೋದಿಸಿದ್ರೂ ದಣಿಯಂಗಿಲ್ಲ, ಆದ್ರ ನರ ಒಣಗಿಸಿದ್ರ ಮಾತ್ರ ಸುಳ್ಳು ದಣಿವು ಕಾಣ್ತದ. ಹತ್ತಿ ಎಳಿಗೆ ರಿಂಗರ್ ಹಚ್ಚಿ ಮುಚ್ಚಬೇಕು.

ಕಲಬುರಗಿ_ಲ್ಯಾಬ್‌ಟೇಬಲ್

ಈಗ ಕಪ್ಪೆ ಇಲ್ಲ. ಹುಡುಗ್ರ ಕೈ ಮ್ಯಾಲ ಮಾಡಿಸಾಕ ಅಲ್ನಾರ್ ನರ, ಹೆಬ್ಬೆರಳು, ಫೋರ್ಸ್ ಟ್ರಾನ್ಸ್‌ಡ್ಯೂಸರ್ ಅದ. ಎಲ್ಲಿ ಕೆಡ್ತದ ಹೇಳ್ರಿ.

ನರವೇಗ_ಎನ್‌ಸಿಎಸ್

ಮೊದಲು 1 ಹರ್ಟ್ಸ್‌ನಲ್ಲಿ, 0.2 ಮಿಲಿಸೆಕೆಂಡ್ ಪಲ್ಸ್, ಕರೆಂಟ್ 1–2 ಮಿಲಿಆಂಪಿಯರ್‌ನಂತೆ ಏರಿಸಿ. ಬಲ ಇನ್ನು ಏರದ ಜಾಗ ಸಿಕ್ಕಿದ ಮೇಲೆ ಅದರ ಮೇಲೆ ಇನ್ನೂ ಶೇ. 10–20. ಇದನ್ನು ಬಿಟ್ಟು ಅರ್ಧ ಕರೆಂಟಿನಲ್ಲಿ ಆವರ್ತನ ಏರಿಸಿದರೆ, ಕೈ ಅಲುಗಾಡಿ ಎಲೆಕ್ಟ್ರೋಡ್ ಸರಿದು ಹೊಸ ನಾರುಗಳು ಸೇರುತ್ತವೆ. ಬಲ ಏರಿದ್ದು ಅದರಿಂದಲೋ ಕೂಡಿಕೆಯಿಂದಲೋ ಹೇಳಲಾಗದು. ಉಂಗುರ, ಗಡಿಯಾರ, ಬಳೆ ತೆಗೆಸಿ. ಪೇಸ್‌ಮೇಕರ್, ಮೂರ್ಛೆ ರೋಗ, ಗರ್ಭಿಣಿ ಇದ್ದರೆ ಮಾಡಿಸಬೇಡಿ. ಮುಂಗೈ ಪಟ್ಟಿ ಕಟ್ಟಿ, ಹೆಬ್ಬೆರಳಿಗೆ ಮೊದಲೇ ಸ್ವಲ್ಪ ಬಿಗಿತ ಕೊಟ್ಟಿರಬೇಕು, ಇಲ್ಲವಾದರೆ ದಾರದ ಸಡಿಲೇ ಮೊದಲ ಟ್ವಿಚ್ ನುಂಗುತ್ತದೆ.

1, 2, 5, 10, 20 ಹರ್ಟ್ಸ್ ಸಾಕು. 10ಕ್ಕೆ ಹಲ್ಲುಗಳು ಬರುತ್ತವೆ, 20ಕ್ಕೆ ಬಹುತೇಕ ಕೂಡುತ್ತದೆ. 50 ಹೋಗಬೇಕಿಲ್ಲ, ಎಚ್ಚರ ಇರುವವರಿಗೆ ನೋವು.

ಬೀದರ್_ಕೋಟೆಬದಿ

ಹುಡುಗರು ‘ಹಾಗಾದರೆ ಮನುಷ್ಯರಲ್ಲಿ 20’ ಎಂದು ಬರೆದುಕೊಳ್ಳದಂತೆ ನೋಡಿ. ಕಣ್ಣಿನ ಸ್ನಾಯುವಿನ ಟ್ವಿಚ್ ಸೆಕೆಂಡಿನ ಐವತ್ತನೇ ಒಂದು ಭಾಗ, ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್‌ದು ಹದಿನೈದನೇ ಒಂದು, ಅದರ ಕೆಳಗಿನ ಸೋಲಿಯಸ್‌ದು ಐದನೇ ಒಂದು. ಒಂದೇ ಕಾಲಿನೊಳಗೆ ಅಕ್ಕಪಕ್ಕದ ಎರಡು ಸ್ನಾಯುಗಳಿಗೆ ಮೂರು ಪಟ್ಟು ವ್ಯತ್ಯಾಸ.

ಪರೀಕ್ಷೆಗೆ ನನ್ನ ಸಲಹೆ: ಎರಡೂ ಗ್ರಾಫ್ ಇಡಿ. ನುಣುಪು ಗ್ರಾಫಿನ 5/ಸೆ ಭಾಗ ತೋರಿಸಿ ‘ನಿಜವಾದ ಪ್ರಚೋದನೆ ಸಂಖ್ಯೆ ಎಷ್ಟು?’ ಎಂದು ಕೇಳಿ. ಎರಡನೆಯದರ ಟ್ವಿಚ್ ತೋರಿಸಿ ‘ಇದು ಕೂಡಲು ಎಷ್ಟು ಬೇಕು?’ ಎಂದು ಕೇಳಿ.

ಹೊಗೆಡ್ರಮ್_ಕಲಬುರಗಿ

ಮೂಲ ಗ್ರಾಫ್ ಇಡಬ್ಯಾಡ್ರಿ, ಸ್ಕ್ಯಾನ್ ಇಡ್ರಿ. ವಾರ್ನಿಷ್ ಹಳೇದು ಆದ್ರ ಬೆವರಗೈ ತಾಗಿದ ಕಡೆ ಹೊಗೆ ಎದ್ದು ಬರ್ತದ. ಸ್ಕ್ಯಾನ್ ಅಳತಿ ನೂರಕ್ಕ ನೂರು ಇರಲಿ, ಕುಗ್ಗಿಸಿ ಪ್ರಿಂಟ್ ತೆಗೆದ್ರ 25 ಮಿ.ಮೀ ಲೆಕ್ಕ ತಪ್ತದ. ಕೆಳಗ ಭಾರ, ಡ್ರಮ್ ವೇಗ, ‘ಮೇಕ್ ಮತ್ತು ಬ್ರೇಕ್’ ಇಲ್ಲಾ ‘ಬ್ರೇಕ್ ಮಾತ್ರ’ ಅಂತ ಬರೀರಿ. ಕೋಣೆ ತಾಪ ಅವತ್ತು ಬರೆದಿಲ್ಲ ಅಂದ್ರ ಆ ಜಾಗ ಖಾಲಿ ಬಿಡ್ರಿ, ಅಂದಾಜಿನ ಅಂಕಿ ತುಂಬಬ್ಯಾಡ್ರಿ.